ದೊಡ್ಡ ಸಂಖ್ಯೆಯೊಂದರ ಗುಣಗಳನ್ನು ಕಂಡುಹಿಡಿಯುವ ಕ್ರಮ: ಶಿವಮೊಗ್ಗದ ಪಿನ್‌ಕೋಡ್ ಹಿಡಿದು ಒಂದು ಸಮಗ್ರ ಮಾರ್ಗದರ್ಶಿ

ಆರು ಅಂಕಿಯ ಸಂಖ್ಯೆಯೊಂದನ್ನು ಕೊಟ್ಟು, ಅದು ಅವಿಭಾಜ್ಯವೇ, ಅದಕ್ಕೆ ಎಷ್ಟು ಭಾಜಕಗಳಿವೆ, ಆ ಭಾಜಕಗಳ ಮೊತ್ತವೆಷ್ಟು, ಅದರೊಂದಿಗೆ 1ನ್ನು ಬಿಟ್ಟು ಬೇರೆ ಸಾಮಾನ್ಯ ಅಪವರ್ತನವಿಲ್ಲದ ಸಂಖ್ಯೆಗಳೆಷ್ಟು ಎಂದು ಕೇಳಿದರೆ, ಪಿಯು ಓದುವ ಜಾಣ ವಿದ್ಯಾರ್ಥಿಗಳೂ ಒಂದೇ ಜಾಗದಲ್ಲಿ ಎಡವುತ್ತಾರೆ. ಅವರಿಗೆ ಮಗ್ಗಿ ಬರುತ್ತದೆ, ಸೂತ್ರವೂ ನೆನಪಿರುತ್ತದೆ. ತಪ್ಪುವುದು ಕ್ರಮ ಮಾತ್ರ. ಸಂಖ್ಯೆಯನ್ನು ಅವಿಭಾಜ್ಯ ಅಪವರ್ತನಗಳಾಗಿ ಒಡೆಯುವ ಮೊದಲೇ ಭಾಜಕಗಳನ್ನು ಪಟ್ಟಿ ಮಾಡಲು ಹೊರಡುತ್ತಾರೆ, ಪಟ್ಟಿ ಅರ್ಧಕ್ಕೆ ನಿಲ್ಲುತ್ತದೆ, ಆ ಅರ್ಧ ಪಟ್ಟಿಯಿಂದಲೇ ಮೊತ್ತವನ್ನೂ ತೆಗೆಯುತ್ತಾರೆ. ಒಡೆಯುವ ಕೆಲಸ ಮುಗಿದು, ತಾಳೆಯೂ ಆದ ಮೇಲೆ ಉಳಿದೆಲ್ಲ ಗುಣಗಳು ಬರೀ ಗುಣಾಕಾರದಿಂದ ಸಿಗುತ್ತವೆ. ಆದ್ದರಿಂದ ಈ ಬರಹದ ಬಹುಪಾಲು ಆ ಒಂದೇ ಕೆಲಸಕ್ಕೆ ಮೀಸಲು.

ಉದಾಹರಣೆಗೆ ಶಿವಮೊಗ್ಗ ನಗರದ ಪಿನ್‌ಕೋಡ್ 577201ನ್ನು ತೆಗೆದುಕೊಳ್ಳೋಣ. ಘಾತವಿರುವ ಅಪವರ್ತನ ಬೇಕಾದಲ್ಲಿ ತೀರ್ಥಹಳ್ಳಿಯ 577432 ನೆರವಿಗೆ ಬರುತ್ತದೆ. ಅಭ್ಯಾಸಕ್ಕೆ ಇಂತಹ ಎಲ್ಲರಿಗೂ ಗೊತ್ತಿರುವ ಸಂಖ್ಯೆಗಳೇ ಒಳ್ಳೆಯದು; ನಿಮ್ಮ ಆಧಾರ್ ಸಂಖ್ಯೆಯನ್ನೋ ಬ್ಯಾಂಕ್ ಖಾತೆಯ ಸಂಖ್ಯೆಯನ್ನೋ ಅಪವರ್ತನ ತೆಗೆಯುವ ಯಾವುದೋ ಜಾಲತಾಣಕ್ಕೆ ಹಾಕಿ ನೋಡಬೇಡಿ.

ಹಂತ 1: ಬೇಕಾದ ಸಾಮಗ್ರಿ

ಒಂದು ನೋಟ್‌ಬುಕ್, ಪೆನ್ಸಿಲ್, ಮತ್ತು 1000ದವರೆಗಿನ ಅವಿಭಾಜ್ಯ ಸಂಖ್ಯೆಗಳ ಪಟ್ಟಿ. ಆ ಪಟ್ಟಿಯಲ್ಲಿ 168 ಸಂಖ್ಯೆಗಳಿರುತ್ತವೆ. ನಿಮ್ಮ ಪಟ್ಟಿಯಲ್ಲಿ ಅಷ್ಟಿಲ್ಲದಿದ್ದರೆ ಎಲ್ಲೋ ಒಂದು ಬಿಟ್ಟುಹೋಗಿದೆ ಅಥವಾ 91, 119, 133ರಂತಹ ಒಂದು ಸಂಖ್ಯೆ ಅವಿಭಾಜ್ಯದ ವೇಷದಲ್ಲಿ ಒಳಗೆ ಸೇರಿದೆ ಎಂದರ್ಥ. ಆರು ಅಂಕಿಯ ಯಾವ ಸಂಖ್ಯೆಗೂ ಈ ಪಟ್ಟಿ ಸಾಕು.

ಕ್ಯಾಲ್ಕುಲೇಟರ್ ಇದ್ದರೆ ಅನುಕೂಲ, ಆದರೆ ಅದಿಲ್ಲದೆಯೂ ಈ ಲೆಕ್ಕ ಸಾಗುತ್ತದೆ. ಮಳೆಗಾಲದಲ್ಲಿ ಕರೆಂಟು ಹೋದರೆ ಯಾವಾಗ ಬರುತ್ತದೆಂದು ಹೇಳಲಾಗದ ಮಲೆನಾಡಿನ ಮನೆಗಳಲ್ಲಿ ಕಾಗದದ ದಾರಿಯನ್ನು ಕಲಿತಿಟ್ಟುಕೊಳ್ಳುವುದು ಒಳ್ಳೆಯದು. ನೋಟ್‌ಬುಕ್ಕಿನ ಪುಟವನ್ನು ಎರಡು ಕಂಬಸಾಲುಗಳಾಗಿ ಗೆರೆ ಎಳೆದು, ಎಡಕ್ಕೆ ಭಾಜಕವನ್ನೂ ಬಲಕ್ಕೆ ಬಂದ ಶೇಷವನ್ನೂ ಬರೆಯುತ್ತ ಹೋಗಬೇಕು. ಬರೀ ‘ಹೋಗುವುದಿಲ್ಲ’ ಎಂದು ಬರೆದರೆ ಸಾಲದು. ಶೇಷದ ಅಂಕಿ ಇದ್ದರೆ ಮಾತ್ರ ಆಮೇಲೆ ತಪ್ಪು ಹುಡುಕಲು ಸಾಧ್ಯ.

ಹಂತ 2: ಸಂಖ್ಯೆಯನ್ನು ಸರಿಯಾಗಿ ಇಳಿಸಿಕೊಳ್ಳುವುದು

ಇದು ಕ್ಷುಲ್ಲಕವೆನಿಸಬಹುದು, ಆದರೆ ತಪ್ಪಾದ ಉತ್ತರಗಳಲ್ಲಿ ಅನೇಕವು ಇಲ್ಲಿಯೇ ಹುಟ್ಟುತ್ತವೆ. ಅಲ್ಪವಿರಾಮ ಹಾಕಿ 5,77,201 ಎಂದು ಬರೆದ ಸಂಖ್ಯೆಯನ್ನು ಯಂತ್ರಕ್ಕೆ ಕೊಡುವಾಗ ಆ ಗುರುತುಗಳನ್ನು ತೆಗೆಯಬೇಕು. ಕೈಬರಹದ ಕನ್ನಡ ಅಂಕಿಗಳಲ್ಲಿ ೬ ಮತ್ತು ೯ ಒಂದರಂತೆ ಇನ್ನೊಂದು ಕಾಣುವುದರಿಂದ ಹಳೆಯ ದಾಖಲೆಗಳಿಂದ ಸಂಖ್ಯೆ ತೆಗೆದುಕೊಳ್ಳುವವರು ಎರಡು ಬಾರಿ ನೋಡಬೇಕು.

ಇಳಿಸಿಕೊಂಡ ಕೂಡಲೇ ಎರಡು ಸಾಕ್ಷಿಗಳನ್ನು ಪುಟದ ಮೂಲೆಯಲ್ಲಿ ಬರೆದಿಡಿ. ಮೊದಲನೆಯದು 9ರ ಶೇಷ: ಅಂಕಿಗಳನ್ನು ಕೂಡಿದರೆ 5+7+7+2+0+1 = 22, ಮತ್ತೆ ಕೂಡಿದರೆ 4. ಎರಡನೆಯದು 11ರ ಶೇಷ: ಬಲದಿಂದ ಎಡಕ್ಕೆ ಒಂದನ್ನು ಕೂಡಿ ಒಂದನ್ನು ಕಳೆಯುತ್ತ ಹೋದರೆ 1−0+2−7+7−5 = −2, ಅಂದರೆ 11ನ್ನು ಸೇರಿಸಿ 9. ಈ 4 ಮತ್ತು 9 ಐದನೆಯ ಹಂತದಲ್ಲಿ ಬೇಕಾಗುತ್ತವೆ. ಒಂದೇ ಸಾಕ್ಷಿ ಸಾಲದಿರುವುದಕ್ಕೆ ಕಾರಣವಿದೆ: 577201ನ್ನು ಕೈತಪ್ಪಿ 577021 ಎಂದು ಬರೆದರೂ ಅಂಕಿಗಳ ಮೊತ್ತ 22ಕ್ಕೇ ನಿಲ್ಲುತ್ತದೆ, ಆದರೆ 11ರ ಶೇಷ ಬದಲಾಗಿ ತಪ್ಪನ್ನು ತೋರಿಸಿಕೊಡುತ್ತದೆ.

ಹಂತ 3: ಎಲ್ಲಿಯವರೆಗೆ ಭಾಗಿಸಬೇಕೆಂಬ ಮಿತಿ

ಸಂಖ್ಯೆಯ ವರ್ಗಮೂಲವನ್ನು ಮೀರಿ ಭಾಗಿಸುವ ಅಗತ್ಯವಿಲ್ಲ. ಒಂದು ಸಂಖ್ಯೆ ಎರಡು ಸಂಖ್ಯೆಗಳ ಗುಣಲಬ್ಧವಾಗಿದ್ದರೆ ಅವೆರಡೂ ವರ್ಗಮೂಲಕ್ಕಿಂತ ದೊಡ್ಡದಾಗಿರಲು ಸಾಧ್ಯವಿಲ್ಲ. ಚಿಕ್ಕದು ಸಿಕ್ಕರೆ ದೊಡ್ಡದು ತಾನಾಗಿ ಸಿಗುತ್ತದೆ. 759ರ ವರ್ಗ 576081, 760ರ ವರ್ಗ 577600. ನಮ್ಮ ಸಂಖ್ಯೆ ಇವೆರಡರ ನಡುವೆ ಇರುವುದರಿಂದ ಮಿತಿ 759.

ಸಂಖ್ಯೆಯ ಅರ್ಧದವರೆಗೆ ನೋಡಬೇಕೆಂಬ ತಪ್ಪು ತಿಳಿವಳಿಕೆ ಬಹಳ ಜನರಲ್ಲಿದೆ. ಹಾಗೆ ಹೊರಟರೆ 288600ರವರೆಗೆ ಹೋಗಬೇಕು, ಯಾರೂ ಹೋಗುವುದಿಲ್ಲ, ಬೇಸತ್ತು ನಡುವೆ ಎಲ್ಲೋ ನಿಲ್ಲಿಸಿ ‘ಅವಿಭಾಜ್ಯ’ ಎಂದು ಬರೆದುಬಿಡುತ್ತಾರೆ. 759ರ ಒಳಗಿರುವ ಅವಿಭಾಜ್ಯಗಳು 134 ಮಾತ್ರ, ಅವುಗಳಲ್ಲಿಯೂ ಹೆಚ್ಚಿನವನ್ನು ಮುಟ್ಟಬೇಕಾಗಿ ಬರುವುದಿಲ್ಲ.

ಹಂತ 4: ಒಡೆಯುವ ಕೆಲಸ

ಅಡಿಕೆ ಆರಿಸುವವರು ಕಣ್ಣಿಗೆ ಎದ್ದು ಕಾಣುವ ಗೊರಬಲನ್ನು (ಕೆಳದರ್ಜೆಯ ಅಡಿಕೆಯನ್ನು) ಮೊದಲು ಬದಿಗಿಡುವಂತೆ, ನೋಡಿದ ಕೂಡಲೇ ತೀರ್ಮಾನವಾಗುವ ಭಾಜಕಗಳನ್ನು ಮೊದಲು ಮುಗಿಸಿ. ಕೊನೆಯ ಅಂಕಿ 1 ಆದ್ದರಿಂದ 2 ಮತ್ತು 5 ಹೋಗುವುದಿಲ್ಲ. ಅಂಕಿಗಳ ಮೊತ್ತ 22 ಆದ್ದರಿಂದ 3 ಹೋಗುವುದಿಲ್ಲ.

7, 11, 13 ಈ ಮೂರಕ್ಕೂ ಒಂದೇ ಲೆಕ್ಕ ಸಾಕು. 7×11×13 = 1001 ಆಗಿರುವುದರಿಂದ, ಆರು ಅಂಕಿಯ ಸಂಖ್ಯೆಯ ಮೊದಲ ಮೂರು ಅಂಕಿಗಳಿಗೂ ಕೊನೆಯ ಮೂರು ಅಂಕಿಗಳಿಗೂ ಇರುವ ವ್ಯತ್ಯಾಸವನ್ನು ಈ ಮೂರರಿಂದ ಭಾಗಿಸಿ ನೋಡಿದರೆ ಆಯಿತು. 577−201 = 376. ಇದನ್ನು 7ರಿಂದ ಭಾಗಿಸಿದರೆ ಶೇಷ 5, 11ರಿಂದ 2, 13ರಿಂದ 12. ಯಾವುದೂ ಸೊನ್ನೆಯಲ್ಲ, ಆದ್ದರಿಂದ ಮೂರೂ ಹೋಗುವುದಿಲ್ಲ. ಶಿವಮೊಗ್ಗ, ಚಿಕ್ಕಮಗಳೂರು ಕಡೆಯ ಪಿನ್‌ಕೋಡ್‌ಗಳು 577ರಿಂದ ಶುರುವಾಗುವುದರಿಂದ, ಅವುಗಳನ್ನು ಹಿಡಿದು ಅಭ್ಯಾಸ ಮಾಡುವವರು ಕೊನೆಯ ಮೂರು ಅಂಕಿಗಳನ್ನು 577ರೊಂದಿಗೆ ಹೋಲಿಸಿದರೆ ಮುಗಿಯಿತು.

ಇನ್ನು ಮುಂದಿನದು ನೇರ ಭಾಗಾಕಾರ. 17ರಿಂದ ಶುರು ಮಾಡಿ: 57ರಲ್ಲಿ 17 ಮೂರು ಸಲ, ಉಳಿದದ್ದು 6, 7ನ್ನು ಇಳಿಸಿದರೆ 67, ಮತ್ತೆ ಮೂರು ಸಲ, ಉಳಿದದ್ದು 16, 2ನ್ನು ಇಳಿಸಿದರೆ 162, ಒಂಬತ್ತು ಸಲ, ಉಳಿದದ್ದು 9, 0ಯನ್ನು ಇಳಿಸಿದರೆ 90, ಐದು ಸಲ, ಉಳಿದದ್ದು 5, 1ನ್ನು ಇಳಿಸಿದರೆ 51, ಮೂರು ಸಲ, ಉಳಿದದ್ದು ಸೊನ್ನೆ. ಭಾಗಲಬ್ಧ 33953. ನಡುವಿನ ಸೊನ್ನೆಯನ್ನು ಇಳಿಸಲು ಮರೆತು 9ರ ಪಕ್ಕಕ್ಕೆ ನೇರವಾಗಿ 1ನ್ನು ಇಳಿಸಿದರೆ 91 ಆಗುತ್ತದೆ, ಶೇಷ 6 ಬರುತ್ತದೆ, 17 ಕೈಬಿಟ್ಟುಹೋಗುತ್ತದೆ. ಸೊನ್ನೆಯಿರುವ ಸಂಖ್ಯೆಗಳಲ್ಲಿ ಅತಿ ಹೆಚ್ಚು ಕಾಣುವ ತಪ್ಪು ಇದೇ.

ಒಂದು ಅಪವರ್ತನ ಸಿಕ್ಕ ಕೂಡಲೇ ಹಳೆಯ ಸಂಖ್ಯೆಯನ್ನು ಬಿಟ್ಟು ಭಾಗಲಬ್ಧದೊಂದಿಗೆ ಮುಂದುವರಿಯಬೇಕು, ಮಿತಿಯನ್ನೂ ಹೊಸದಾಗಿ ಕಟ್ಟಬೇಕು. ಇಲ್ಲಿ ಮೂರು ಮಾತುಗಳನ್ನು ಗಮನಿಸಿ.

ಮೊದಲನೆಯದು, 33953ರ ಮಿತಿ 184 ಮಾತ್ರ, ಏಕೆಂದರೆ 184ರ ವರ್ಗ 33856, 185ರ ವರ್ಗ 34225. ಎರಡನೆಯದು, 17 ಇನ್ನೊಮ್ಮೆ ಹೋಗುತ್ತದೆಯೇ ಎಂದು ನೋಡದೆ ಮುಂದೆ ಹೋಗಬಾರದು; 17×1997 = 33949, ಶೇಷ 4, ಆದ್ದರಿಂದ ಹೋಗುವುದಿಲ್ಲ. ಮೂರನೆಯದು, 2ರಿಂದ 13ರವರೆಗಿನವನ್ನು ಮತ್ತೆ ನೋಡುವ ಅಗತ್ಯವಿಲ್ಲ, ಏಕೆಂದರೆ ಭಾಗಲಬ್ಧವನ್ನು ಭಾಗಿಸುವ ಸಂಖ್ಯೆ ಮೂಲ ಸಂಖ್ಯೆಯನ್ನೂ ಭಾಗಿಸಲೇಬೇಕು, ಮೂಲ ಸಂಖ್ಯೆಗೆ ಅವು ಹೋಗಲಿಲ್ಲವೆಂದು ಈಗಾಗಲೇ ಗೊತ್ತಾಗಿದೆ.

ಮುಂದಿನದು 19. 33953ನ್ನು 19ರಿಂದ ಭಾಗಿಸಿದರೆ ಶೇಷವಿಲ್ಲದೆ 1787 ಸಿಗುತ್ತದೆ. ಈಗ ಮಿತಿ ಇನ್ನೂ ಕುಸಿಯುತ್ತದೆ: 42ರ ವರ್ಗ 1764, 43ರ ವರ್ಗ 1849, ಆದ್ದರಿಂದ 42. ಮತ್ತೊಮ್ಮೆ 19ರಿಂದ ನೋಡಿದರೆ ಶೇಷ 1. ಉಳಿದಿರುವುದು 23, 29, 31, 37, 41 ಎಂಬ ಐದೇ ಅವಿಭಾಜ್ಯಗಳು. ಅವು ಕೊಡುವ ಶೇಷಗಳು ಕ್ರಮವಾಗಿ 16, 18, 20, 11, 24. ಒಂದೂ ಸೊನ್ನೆಯಲ್ಲದ ಕಾರಣ 1787 ಅವಿಭಾಜ್ಯ. ಹೀಗೆ

577201 = 17 × 19 × 1787.

ಒಟ್ಟು ನೋಡಿದ ಅವಿಭಾಜ್ಯಗಳು 134 ಅಲ್ಲ, 13. ಮಿತಿಯನ್ನು ಪ್ರತಿ ಸಲವೂ ಹೊಸದಾಗಿ ಕಟ್ಟಿದ್ದರಿಂದ ಸಿಕ್ಕ ಲಾಭ ಇದು. ಕ್ಯಾಲ್ಕುಲೇಟರ್ ಬಳಸುವವರು ಶೇಷವನ್ನು ಪಡೆಯುವ ಬಗೆ: ಭಾಗಲಬ್ಧದ ದಶಮಾಂಶ ಬಿಂದುವಿನ ಎಡಭಾಗವನ್ನು ಮಾತ್ರ ತೆಗೆದುಕೊಂಡು ಭಾಜಕದಿಂದ ಗುಣಿಸಿ, ಅದನ್ನು ಮೂಲ ಸಂಖ್ಯೆಯಿಂದ ಕಳೆಯಬೇಕು.

ಹಂತ 5: ತಾಳೆ ನೋಡುವುದು

ತಾಳೆ ನೋಡದೆ ಆರನೆಯ ಹಂತಕ್ಕೆ ಹೋಗಬೇಡಿ. 17×19 = 323. 300×1787 = 536100, 23×1787 = 41101, ಎರಡನ್ನೂ ಕೂಡಿದರೆ 577201. ಸರಿಯಾಗಿದೆ.

ದೊಡ್ಡ ಸಂಖ್ಯೆಗಳಲ್ಲಿ ಪೂರ್ತಿ ಗುಣಿಸುವುದು ಕಷ್ಟವಾದಾಗ ಎರಡನೆಯ ಹಂತದ ಸಾಕ್ಷಿಗಳನ್ನು ಕರೆಯಿರಿ. 9ರ ಶೇಷಗಳು: 17ಕ್ಕೆ 8, 19ಕ್ಕೆ 1, 1787ಕ್ಕೆ 5, ಗುಣಿಸಿದರೆ 40, ಅಂಕಿಗಳನ್ನು ಕೂಡಿದರೆ 4. 11ರ ಶೇಷಗಳು: 6, 8, 5; ಗುಣಿಸಿದರೆ 240, ಶೇಷ 9. ಮೂಲೆಯಲ್ಲಿ ಬರೆದಿಟ್ಟ 4 ಮತ್ತು 9ಕ್ಕೆ ಎರಡೂ ಹೊಂದುತ್ತವೆ. ಸಾಕ್ಷಿಗಳು ಹೊಂದದಿದ್ದರೆ ತಪ್ಪು ಖಚಿತ. ಹೊಂದಿದರೆ ಗುಣಾಕಾರ ಸರಿಯಿರುವ ಸಾಧ್ಯತೆ ಹೆಚ್ಚು ಎಂದಷ್ಟೇ ಹೇಳಬಹುದು, ಮತ್ತು ಪ್ರತಿ ಅಪವರ್ತನವೂ ಅವಿಭಾಜ್ಯವೇ ಎಂಬುದನ್ನು ಅವು ಹೇಳುವುದೇ ಇಲ್ಲ. 323×1787 ಎಂದು ಬರೆದು ನಿಲ್ಲಿಸಿದವರಿಗೂ ಅದೇ 4, ಅದೇ 9 ಬರುತ್ತದೆ.

ಹಂತ 6: ಭಾಜಕಗಳ ಸಂಖ್ಯೆ ಮತ್ತು ಪಟ್ಟಿ

ಪ್ರತಿ ಅವಿಭಾಜ್ಯದ ಘಾತಕ್ಕೆ 1 ಸೇರಿಸಿ, ಬಂದವನ್ನೆಲ್ಲ ಗುಣಿಸಬೇಕು. 577201ರಲ್ಲಿ ಮೂರೂ ಘಾತಗಳು 1 ಆದ್ದರಿಂದ 2×2×2 = 8 ಭಾಜಕಗಳು. ಅವುಗಳನ್ನು ಜೋಡಿಯಾಗಿ ಬರೆದರೆ ಒಂದೂ ತಪ್ಪಿಹೋಗುವುದಿಲ್ಲ: 1 ಮತ್ತು 577201, 17 ಮತ್ತು 33953, 19 ಮತ್ತು 30379, 323 ಮತ್ತು 1787.

ತೀರ್ಥಹಳ್ಳಿಯ 577432 ಸ್ವಲ್ಪ ಬೇರೆ. ಅದು 2×2×2×89×811, ಅಂದರೆ 2ರ ಘಾತ 3. ಭಾಜಕಗಳು 4×2×2 = 16. ಇಲ್ಲಿ 8ನ್ನೇ ಒಂದು ಅವಿಭಾಜ್ಯದಂತೆ ಎಣಿಸಿ 2×2×2 = 8 ಎಂದು ಬರೆಯುವವರೂ, 1 ಸೇರಿಸಲು ಮರೆತು 3×1×1 = 3 ಎಂದು ಬರೆಯುವವರೂ ಇದ್ದಾರೆ. ಎರಡನೆಯದನ್ನು ಹಿಡಿಯುವುದು ಸುಲಭ: ಭಾಜಕಗಳ ಸಂಖ್ಯೆ ಬೆಸವಾಗುವುದು ಪೂರ್ಣ ವರ್ಗಗಳಿಗೆ ಮಾತ್ರ, 577432 ಪೂರ್ಣ ವರ್ಗವಲ್ಲ.

ಹಂತ 7: ಭಾಜಕಗಳ ಮೊತ್ತ

ಘಾತ 1 ಆಗಿರುವ ಅವಿಭಾಜ್ಯಕ್ಕೆ 1 ಸೇರಿಸಿ ಗುಣಿಸುತ್ತ ಹೋದರೆ ಸಾಕು: 18×20×1788 = 643680. ಇದರಿಂದ ಸಂಖ್ಯೆಯನ್ನೇ ಕಳೆದರೆ 66479 ಉಳಿಯುತ್ತದೆ. ಇದು 577201ಕ್ಕಿಂತ ಬಹಳ ಕಡಿಮೆಯಾದ್ದರಿಂದ ಸಂಖ್ಯೆ ನ್ಯೂನ ಜಾತಿಯದು. ಸಮವಾಗಿದ್ದರೆ ಪರಿಪೂರ್ಣ, ಹೆಚ್ಚಾಗಿದ್ದರೆ ಅಧಿಕ. 6ಕ್ಕಿಂತ ದೊಡ್ಡದಾದ, 6ರಿಂದ ಭಾಗವಾಗುವ ಎಲ್ಲ ಸಂಖ್ಯೆಗಳೂ ಅಧಿಕವೇ, ಆದ್ದರಿಂದ ಅಂತಹ ಸಂಖ್ಯೆಗೆ ನ್ಯೂನ ಎಂಬ ಉತ್ತರ ಬಂದರೆ ಹಿಂದಕ್ಕೆ ಹೋಗಿ ನೋಡಿ.

ಘಾತ ಹೆಚ್ಚಿದ್ದಾಗ ಎಚ್ಚರ ಬೇಕು. 2ರ ಘಾತ 3 ಇದ್ದರೆ ಸೇರಿಸಬೇಕಾದದ್ದು 1+2+4+8 = 15. ಅದನ್ನು 8+1 = 9 ಎಂದೂ ಬರೆಯಬಾರದು, 3×3×3 = 27 ಎಂದೂ ಬರೆಯಬಾರದು. ತೀರ್ಥಹಳ್ಳಿಯ ಮೊತ್ತ 15×90×812 = 1096200.

ಹಂತ 8: ಆಯ್ಲರ್ ಸಂಖ್ಯೆ

1ರಿಂದ ಆ ಸಂಖ್ಯೆಯವರೆಗೆ, ಅದರೊಂದಿಗೆ ಮ.ಸಾ.ಅ. (ಮಹತ್ತಮ ಸಾಮಾನ್ಯ ಅಪವರ್ತನ) 1 ಇರುವ ಸಂಖ್ಯೆಗಳೆಷ್ಟು ಎಂಬುದೇ ಇದು. ಒಂದೊಂದಾಗಿ ಎಣಿಸಲು ಹೋಗಬೇಡಿ. ಘಾತ 1 ಇದ್ದಲ್ಲಿ ಅವಿಭಾಜ್ಯದಿಂದ 1 ಕಳೆದು ಗುಣಿಸಿ: 16×18×1786 = 514368. ಘಾತ ಹೆಚ್ಚಿದ್ದಲ್ಲಿ ಕೊನೆಯ ಘಾತದಿಂದ ಅದರ ಹಿಂದಿನ ಘಾತವನ್ನು ಕಳೆಯಬೇಕು; 2ರ ಘಾತ 3ಕ್ಕೆ 8−4 = 4. ತೀರ್ಥಹಳ್ಳಿಗೆ 4×88×810 = 285120.

ಏಳನೆಯ ಮತ್ತು ಎಂಟನೆಯ ಹಂತಗಳನ್ನು ಒಟ್ಟಿಗೆ ಪರೀಕ್ಷಿಸುವ ಉಪಾಯವೊಂದಿದೆ, ಪಠ್ಯಪುಸ್ತಕಗಳಲ್ಲಿ ಇದನ್ನು ಅಷ್ಟಾಗಿ ಹೇಳುವುದಿಲ್ಲ. ಭಾಜಕಗಳ ಮೊತ್ತವನ್ನೂ ಆಯ್ಲರ್ ಸಂಖ್ಯೆಯನ್ನೂ ಗುಣಿಸಿ, ಮೂಲ ಸಂಖ್ಯೆಯ ವರ್ಗದಿಂದ ಭಾಗಿಸಿದರೆ ಬರುವುದು ಯಾವಾಗಲೂ 1ಕ್ಕಿಂತ ಕಡಿಮೆ, 0.6ಕ್ಕಿಂತ ಹೆಚ್ಚು. ಶಿವಮೊಗ್ಗದ ಸಂಖ್ಯೆಗೆ ಸುಮಾರು 0.994, ತೀರ್ಥಹಳ್ಳಿಯದಕ್ಕೆ ಸುಮಾರು 0.937. ತೀರ್ಥಹಳ್ಳಿಯ ಲೆಕ್ಕದಲ್ಲಿ 15ರ ಬದಲು 27 ಹಾಕಿದ್ದರೆ ಈ ಬೆಲೆ 1ನ್ನು ದಾಟಿ ತಪ್ಪನ್ನು ತಾನೇ ಹೇಳುತ್ತಿತ್ತು. ಇದಲ್ಲದೆ, 2ಕ್ಕಿಂತ ದೊಡ್ಡ ಸಂಖ್ಯೆಗಳ ಆಯ್ಲರ್ ಸಂಖ್ಯೆ ಎಂದೂ ಬೆಸವಾಗುವುದಿಲ್ಲ.

ಹಂತ 9: ಉಳಿದ ಗುಣಗಳು

ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದೇ ಎಂಬ ಪ್ರಶ್ನೆಗೆ, 4ರಿಂದ ಭಾಗಿಸಿ ಶೇಷ 1 ಬಂದರೆ ಸಾಕೆಂದು ಹಲವರು ತಿಳಿದಿದ್ದಾರೆ. ಅವಿಭಾಜ್ಯಗಳಿಗೆ ಅದು ಸರಿ, ಸಂಯುಕ್ತ ಸಂಖ್ಯೆಗಳಿಗೆ ಅಲ್ಲ. 577201ನ್ನು 4ರಿಂದ ಭಾಗಿಸಿದರೆ ಶೇಷ 1 ಬರುತ್ತದೆ, ಆದರೆ ಅದರ ಅಪವರ್ತನಗಳಾದ 19 ಮತ್ತು 1787 ಎರಡೂ 4ಕ್ಕೆ ಶೇಷ 3 ಕೊಡುತ್ತವೆ, ಅವುಗಳ ಘಾತವೂ ಬೆಸ. ಅಂತಹ ಒಂದು ಅಪವರ್ತನವಿದ್ದರೂ ಉತ್ತರ ‘ಇಲ್ಲ’.

ದ್ವಿಮಾನ ರೂಪಕ್ಕೆ 524288ರಿಂದ ಶುರು ಮಾಡಿ 2ರ ಘಾತಗಳನ್ನು ಕಳೆಯುತ್ತ ಬಂದರೆ 10001100111010110001 ಸಿಗುತ್ತದೆ. ಒಟ್ಟು 20 ಅಂಕಿ, ಅವುಗಳಲ್ಲಿ ಹತ್ತು 1, ಹತ್ತು 0.

ಹಂತ 10: ಆರು ಅಂಕಿಯನ್ನು ದಾಟಿದಾಗ

ಅಂಕಿಗಳು ಹೆಚ್ಚಿದಂತೆ ಭಾಗಾಕಾರಕ್ಕಿಂತ ಮೊದಲು ಸಂಖ್ಯೆಯ ರಚನೆಯನ್ನು ನೋಡುವುದು ಮುಖ್ಯವಾಗುತ್ತದೆ. ಶಿವಮೊಗ್ಗದ ಪಿನ್‌ಕೋಡನ್ನು ಎರಡು ಸಲ ಒತ್ತೊತ್ತಾಗಿ ಬರೆದ 577201577201ನ್ನು ತೆಗೆದುಕೊಳ್ಳಿ. ಇದರ ಮಿತಿ ಏಳೂವರೆ ಲಕ್ಷವನ್ನು ದಾಟುತ್ತದೆ. ಆದರೆ ಇದು 577201×1000001 ಎಂಬುದನ್ನು ಕಂಡವರಿಗೆ, ಮತ್ತು 1000001 = 101×9901 ಎಂದು ಒಡೆದವರಿಗೆ, ಕೆಲಸ ಅಲ್ಲಿಗೇ ಮುಗಿಯಿತು: 17×19×101×1787×9901. ಭಾಜಕಗಳು 32.

ಯಂತ್ರಗಳು ಮೋಸ ಮಾಡುವುದು ಇದೇ ಗಾತ್ರದಲ್ಲಿ. ಹತ್ತು ಅಂಕಿ ತೋರಿಸುವ ಕ್ಯಾಲ್ಕುಲೇಟರ್‌ನಲ್ಲಿ 577201577203ನ್ನು 101ರಿಂದ ಭಾಗಿಸಿದರೆ ಪರದೆಯ ಮೇಲೆ 5714867101 ಎಂಬ ಪೂರ್ಣಸಂಖ್ಯೆ ಕಾಣುತ್ತದೆ. ನಿಜವಾದ ಉತ್ತರಕ್ಕೆ ಬಿಂದುವಿನ ನಂತರ 0198 ಎಂಬ ಬಾಲವಿದೆ, ಅದಕ್ಕೆ ಜಾಗ ಸಿಕ್ಕಿಲ್ಲ ಅಷ್ಟೆ. ಆದ್ದರಿಂದ ಕ್ಯಾಲ್ಕುಲೇಟರ್ ತುಂಬಿ ಕಾಣುವ ಉತ್ತರ ಕೊಟ್ಟಾಗಲೆಲ್ಲ ಕೊನೆಯ ಎರಡು ಅಂಕಿಗಳನ್ನಾದರೂ ಕೈಯಲ್ಲಿ ಗುಣಿಸಿ ನೋಡಿ: ಇಲ್ಲಿ 01×01 ಕೊಡುವುದು 01, ಬೇಕಾಗಿದ್ದದ್ದು 03. ಎಕ್ಸೆಲ್ 15 ಅಂಕಿಗಳನ್ನು ಮಾತ್ರ ಉಳಿಸಿಕೊಂಡು ಹದಿನಾರನೆಯದನ್ನು ಸೊನ್ನೆ ಮಾಡುತ್ತದೆ. ಪೈಥಾನ್‌ನಲ್ಲಿ ಪೂರ್ಣಸಂಖ್ಯೆಗಳಿಗೆ ಇಂತಹ ಮಿತಿಯಿಲ್ಲ, ಆದರೆ ಭಾಗಿಸುವಾಗ ಒಂದೇ ಓರೆಗೆರೆ ಹಾಕಿದರೆ ಅದು ದಶಮಾಂಶಕ್ಕೆ ಇಳಿದು 9007199254740992ರ ಆಚೆ ಅಂಕಿಗಳನ್ನು ಕಳೆದುಕೊಳ್ಳಬಹುದು. ಎರಡು ಓರೆಗೆರೆ ಹಾಕಬೇಕು, ಶೇಷಕ್ಕೆ ಶೇಕಡಾ ಚಿಹ್ನೆ ಬಳಸಬೇಕು.

ಸಣ್ಣ ಅಪವರ್ತನ ಯಾವುದೂ ಸಿಗದಿದ್ದರೆ ಫರ್ಮಾ ಪರೀಕ್ಷೆಗೆ (‘ಆಧಾರ’ವೆಂದು ಒಂದು ಸಂಖ್ಯೆಯನ್ನು ಆರಿಸಿ, ಅದರ ದೊಡ್ಡ ಘಾತವೊಂದನ್ನು ನಮ್ಮ ಸಂಖ್ಯೆಯಿಂದ ಭಾಗಿಸಿ ಶೇಷ ನೋಡುವ ಪರೀಕ್ಷೆಗೆ) ಕೈ ಹಾಕುವವರಿದ್ದಾರೆ. ಅದು ಸಂಯುಕ್ತ ಎಂದು ಹೇಳಿದರೆ ನಂಬಬಹುದು, ಅವಿಭಾಜ್ಯ ಎಂದು ಸೂಚಿಸಿದರೆ ನಂಬುವಂತಿಲ್ಲ: 341 ಎಂಬುದು 11×31, ಆದರೂ ಆಧಾರ 2ರ ಪರೀಕ್ಷೆಯಲ್ಲಿ ಉತ್ತೀರ್ಣವಾಗುತ್ತದೆ, 561 ಎಂಬುದು 3×11×17, ತನ್ನೊಂದಿಗೆ ಸಾಮಾನ್ಯ ಅಪವರ್ತನವಿಲ್ಲದ ಎಲ್ಲ ಆಧಾರಗಳಲ್ಲೂ ಉತ್ತೀರ್ಣವಾಗುತ್ತದೆ. ಅದರದೇ ಬಿಗಿಯಾದ ರೂಪವಾದ ಮಿಲ್ಲರ್-ರಾಬಿನ್ ಪರೀಕ್ಷೆಯನ್ನು 2ರಿಂದ 37ರವರೆಗಿನ ಹನ್ನೆರಡು ಅವಿಭಾಜ್ಯ ಆಧಾರಗಳಲ್ಲಿ ನಡೆಸಿದರೆ 23 ಅಂಕಿಗಳವರೆಗಿನ ಯಾವುದೇ ಸಂಖ್ಯೆಗೆ ಖಚಿತ ಉತ್ತರ ಸಿಗುತ್ತದೆ. ಅದು ಅವಿಭಾಜ್ಯತೆಯನ್ನು ಮಾತ್ರ ತೀರ್ಮಾನಿಸುತ್ತದೆ, ಅಪವರ್ತನಗಳನ್ನು ಕೊಡುವುದಿಲ್ಲ ಎಂಬುದು ನೆನಪಿರಲಿ.

ಅಭ್ಯಾಸಕ್ಕೆ ಎರಡು ಸಂಖ್ಯೆಗಳು

ಭದ್ರಾವತಿಯ 577301ನ್ನು ಮೊದಲು ಮಾಡಿ. 23ಕ್ಕೆ ಶೇಷ 1 ಬಂದು ಆಸೆ ಹುಟ್ಟಿಸುತ್ತದೆ, ಆಮೇಲೆ 43ರವರೆಗೂ ಏನೂ ಸಿಗುವುದಿಲ್ಲ, ಹಲವರು ಅಲ್ಲಿಯೇ ಅವಿಭಾಜ್ಯವೆಂದು ಬರೆದು ಎದ್ದುಬಿಡುತ್ತಾರೆ. 47 ಹೋಗುತ್ತದೆ, ಭಾಗಲಬ್ಧ 12283. ಅದಕ್ಕೆ 71 ಹೋಗುತ್ತದೆ, ಉಳಿಯುವುದು 173. ಇದರ ಮಿತಿ 13, ಅಷ್ಟರವರೆಗೆ ಮೊದಲೇ ನೋಡಿರುವುದರಿಂದ ಇನ್ನೊಂದೂ ಭಾಗಾಕಾರವಿಲ್ಲದೆ 173 ಅವಿಭಾಜ್ಯವೆಂದು ಬರೆಯಬಹುದು. ಭಾಜಕಗಳು 8, ಮೊತ್ತ 601344, ಆಯ್ಲರ್ ಸಂಖ್ಯೆ 553840.

ಸಾಗರದ 577401 ಶುರುವಿನಲ್ಲಿ ಸಲೀಸು, ಕೊನೆಯಲ್ಲಿ ತಾಳ್ಮೆಯ ಕೆಲಸ. 3 ಮತ್ತು 11 ಬೇಗ ಸಿಕ್ಕು 17497 ಉಳಿಯುತ್ತದೆ, ಅದರ ಮಿತಿ 132. 3 ಮತ್ತು 11 ಮತ್ತೊಮ್ಮೆ ಹೋಗುವುದಿಲ್ಲವೆಂದು ನೋಡಿಕೊಂಡ ಮೇಲೆ 13ರಿಂದ 131ರವರೆಗಿನ 27 ಅವಿಭಾಜ್ಯಗಳನ್ನೂ ಒಂದೊಂದಾಗಿ ನೋಡಲೇಬೇಕು, ಯಾವುದೂ ಹೋಗುವುದಿಲ್ಲ. ನಿಮ್ಮ ಶೇಷದ ಸಾಲಿನಲ್ಲಿ 53ರ ಮುಂದೆ 7, 101ರ ಮುಂದೆ 24, 131ರ ಮುಂದೆ 74 ಇದ್ದರೆ ದಾರಿ ಸರಿಯಿದೆ.